ಹೆಬ್ಬಾವಿಗೆ ಬೆನ್ನುವೈದ್ಯದ ಲೈಸೆನ್ಸು

ಕಾಡಿನಲ್ಲಿ ಬೆನ್ನು ನೀವುವ ವೈದ್ಯರಿಗೆ ಲೈಸೆನ್ಸ್ ಕೊಡೋಕೆ ಒಂದು ಮಂಡಳಿ ಇತ್ತು. ಬಸವನಹುಳು ಅದರ ಅಧ್ಯಕ್ಷರು. ಮೈಯೆಲ್ಲಾ ಹುಡುಕಿದರೂ ಒಂದು ಮೂಳೆಯೂ ಸಿಗದ ಈ ಸಾಹೇಬರು, ಬಂದವರ ಬೆನ್ನುಮೂಳೆ ಎಣಿಸಿ ಪಾಸು ಮಾಡುತ್ತಿದ್ದರು. ಜಾಸ್ತಿ ಮೂಳೆ ಇದ್ದವನಿಗೆ ಜಾಸ್ತಿ ಗೊತ್ತಿರುತ್ತದೆ ಅನ್ನೋದು ಅವರ ಲೆಕ್ಕ. ಹಾಗಾಗಿ ಹೆಬ್ಬಾವೇ ಎಲ್ಲರಿಗಿಂತ ಮೊದಲು ಪಾಸಾಯಿತು.

ವರ್ಷ ಕಳೆಯಿತು. ಶ್ರೇಷ್ಠ ಮಂಡಳಿ ಅಂತ ಪ್ರಶಸ್ತಿಯೂ ಬಂತು. ನರಿ ಅಧ್ಯಕ್ಷರಿಗೆ ಹಾರ ಹಾಕಿ, "ನೀವು ಲೈಸೆನ್ಸ್ ಕೊಟ್ಟ ಹೆಬ್ಬಾವಿನ ಮೇಲೆ ಒಂದೇ ಒಂದು ದೂರು ಬಂದಿಲ್ಲ. ಆಡಳಿತ ಅಂದರೆ ಇದು!" ಎಂದು ಹೊಗಳಿತು. ಹೊಟ್ಟೆ ಉಬ್ಬಿಸಿಕೊಂಡು ಪಕ್ಕದಲ್ಲೇ ಮಲಗಿದ್ದ ಹೆಬ್ಬಾವು ನಾಚಿಕೊಂಡಿತು.

ಅಷ್ಟರಲ್ಲಿ ಜಿಂಕೆಯೊಂದು ಗುಂಪು ಸೀಳಿಕೊಂಡು ನುಗ್ಗಿತು. "ಸೊಂಟ ಹಿಡ್ಕೊಂಡಿದೆ ಅಂತ ನಮ್ಮವ್ವ ಬೆಳಿಗ್ಗೆ ಇವನ ಹತ್ರ ಬಂದ್ಲು. ವಾಪಸ್ ಬಂದಿಲ್ಲ. ಇವನ ಹೊಟ್ಟೆ ನೋಡ್ರೀ! ಹಾರ ಆಮೇಲೆ ಹಾಕಿಸ್ಕೊಳ್ಳಿ, ಮೊದಲು ಲೈಸೆನ್ಸ್ ಕಿತ್ಕೊಳ್ಳಿ!"

ಅಧ್ಯಕ್ಷರು ಕೊಂಬು ಕುಣಿಸಿದರು. "ಕೂಗಾಡಬೇಡಮ್ಮ. ನಿಯಮ ಅಂತ ಒಂದಿದೆ. ರೋಗಿಯೇ ಖುದ್ದಾಗಿ ಬಂದು ದೂರು ಹೇಳಬೇಕು. ಹೋಗು, ನಿಮ್ಮವ್ವನನ್ನು ಕರ್ಕೊಂಡು ಬಾ."

"ಹೌದು, ನಿಯಮ ನಿಯಮವೇ," ಎಂದು ಹೆಬ್ಬಾವು ಬಾಯಿ ಅಗಲಿಸಿ ಆಕಳಿಸಿತು.

ಜಿಂಕೆ ಗಿರ್ರನೆ ತಿರುಗಿ ಹಿಂಗಾಲಿನಿಂದ ಒದ್ದ ಏಟಿಗೆ ಅಧ್ಯಕ್ಷರು ಚಿಪ್ಪು, ಹಾರ ಸಮೇತ ಆ ಬಾಯೊಳಗೇ ಹೋಗಿ ಬಿದ್ದರು.

"ನಮ್ಮವ್ವ ಅಲ್ಲೇ ಇದ್ದಾಳೆ ಸಾಹೇಬ್ರೇ!" ಜಿಂಕೆ ಕಿರುಚಿತು. "ನೀವೇ ಖುದ್ದಾಗಿ ಕೇಳ್ಕೊಂಡು ಬನ್ನಿ!"