ದಪ್ಪ ಮಕ್ಕಳ ಸಾಲು

ಒಂದು ಪೇಟೆಯ ಹೈಸ್ಕೂಲಿನಲ್ಲಿ ಗುರುಸಿದ್ದಪ್ಪ ಎಂಬ ಡ್ರಿಲ್ ಮೇಷ್ಟ್ರಿದ್ದರು. ಒಂದು ಕಾಲಕ್ಕೆ ಅವರು ಮೈದಾನಕ್ಕೆ ಇಳಿದರೆ ಮಕ್ಕಳಿಗೆ ಹಬ್ಬ. ಆಮೇಲೆ ಶಾಲೆಗೆ ರಿಸಲ್ಟಿನ ಚಿಂತೆ ಹತ್ತಿತು. ಮೊದಲು ಗಣಿತದವರು ಆಟದ ಪೀರಿಯಡ್ಡು ಕೇಳಿದರು, ಆಮೇಲೆ ವಿಜ್ಞಾನದವರು. ಮೇಷ್ಟ್ರು ಜಗಳವಾಡಿ ನೋಡಿದರು. ಬರಬರುತ್ತಾ ಸಾಕಾಯಿತು. "ತಗೊಳ್ಳಿ" ಎಂದು ಬಿಟ್ಟುಕೊಟ್ಟು, ಆಟದ ಸಾಮಾನಿನ ಕೋಣೆಯಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಮಕ್ಕಳೂ ಬೆಂಚಿನ ಮೇಲೆ ಕೂತರು. ಕೂತು ಕೂತು ಎಷ್ಟೋ ಮಕ್ಕಳಿಗೆ ಮೈ ಬಂತು.

ಒಂದು ವರ್ಷ ಡಾಕ್ಟರು ಬಂದು ಮಕ್ಕಳನ್ನು ಪರೀಕ್ಷಿಸಿ, "ಈ ವಯಸ್ಸಿಗೇ ಇಷ್ಟು ತೂಕ ಒಳ್ಳೇದಲ್ಲ. ಮಕ್ಕಳನ್ನ ಆಡಿಸಿ, ಓಡಾಡಿಸಿ" ಎಂದು ಹೇಳಿಹೋದರು. ಮುಖ್ಯೋಪಾಧ್ಯಾಯಿನಿ ವಿಶಾಲಾಕ್ಷಿ ಮೇಷ್ಟ್ರನ್ನು ಕರೆದರು.

"ದಪ್ಪಗಿರೋರನ್ನ ಬೇರೆ ಸಾಲು ಮಾಡಿ, ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಮೈದಾನ ಸುತ್ತಿಸಿ. ಪಾಠ ಹಾಳಾಗಬಾರದು ನೋಡಿ."

ಇದು ಸರಿಯಲ್ಲ ಎಂದು ಮೇಷ್ಟ್ರಿಗೆ ಅನ್ನಿಸಿತು. ಆದರೆ ವಾದ ಮಾಡುವಷ್ಟು ತ್ರಾಣ ಉಳಿದಿರಲಿಲ್ಲ. "ಆಯ್ತು ಮೇಡಂ" ಎಂದರು.

ಮಾರನೆಯ ದಿನದಿಂದ ಆ ಸಾಲು ಓಡತೊಡಗಿತು. ಉಳಿದ ಮಕ್ಕಳು ಜಗಲಿಯಲ್ಲಿ ನಿಂತು ನೋಡುತ್ತಿದ್ದರು. "ಲಾರಿ ಬಂತು, ದಾರಿ ಬಿಡ್ರೋ!" ಎಂದು ಯಾರಾದರೂ ಕೂಗಿದರೆ ಎಲ್ಲರಿಗೂ ನಗು. ಮೇಷ್ಟ್ರು ಒಂದೆರಡು ಸಲ ಗದರಿದರು. ಆಮೇಲೆ ಗದರುವುದಕ್ಕೂ ಬೇಸರವಾಯಿತು.

ಸಾಲಿನಲ್ಲಿ ಒಂಬತ್ತನೇ ತರಗತಿಯ ಸಿಂಚನ ಇದ್ದಳು. ತಲೆ ತಗ್ಗಿಸಿ ಓಡುವಳು, ಯಾರೊಡನೆಯೂ ಮಾತಿಲ್ಲ. ಒಂದು ಬೆಳಿಗ್ಗೆ ಓಡುತ್ತಾ ಓಡುತ್ತಾ ಕುಸಿದುಬಿದ್ದಳು. ಮೇಷ್ಟ್ರು ಅವಳನ್ನು ನೆರಳಿಗೆ ತಂದು ಮುಖಕ್ಕೆ ನೀರು ಚಿಮುಕಿಸಿದರು. ಕಣ್ಣು ಬಿಟ್ಟಳು.

"ತಿಂಡಿ ತಿಂದಿದ್ಯೇನಮ್ಮಾ?"

"ಇಲ್ಲ ಸಾರ್."

"ರಾತ್ರಿ ಊಟ?"

ಸಿಂಚನ ಇಲ್ಲವೆಂದು ತಲೆಯಾಡಿಸಿದಳು. "ಮನೇಲಿ ಹೊಟ್ಟೆನೋವು ಅಂತ ಸುಳ್ಳು ಹೇಳ್ತೀನಿ. ಡಬ್ಬಿ ಊಟ ನಾಯಿಗೆ ಹಾಕ್ತೀನಿ."

"ಯಾಕೆ ತಾಯಿ?"

"ಸಣ್ಣ ಆದ್ರೆ ನನ್ನ ಈ ಸಾಲಿಂದ ತೆಗೀತೀರಲ್ಲ ಸಾರ್, ಅದಕ್ಕೆ."

ಮೇಷ್ಟ್ರು ತಮ್ಮ ಬುತ್ತಿಯ ಚಪಾತಿ ಅವಳ ಕೈಗಿಟ್ಟು, ತಿನ್ನುವವರೆಗೂ ಪಕ್ಕದಲ್ಲೇ ಕೂತರು. ಅವಳ ತಾಯಿಯನ್ನು ಕರೆಸಿ ಎಲ್ಲ ತಿಳಿಸಿದರು. ಆಮೇಲೆ ನೆಟ್ಟಗೆ ವಿಶಾಲಾಕ್ಷಿಯವರ ಕೋಣೆಗೆ ಹೋದರು.

"ಮೇಡಂ, ನಾಳೆಯಿಂದ ಆ ಸಾಲು ಇರಲ್ಲ. ಆಟದ ಪೀರಿಯಡ್ಡು ವಾಪಸ್ ಕೊಡಿ. ಆಡಿದರೆ ಎಲ್ಲರೂ ಆಡಲಿ."

"ರಿಸಲ್ಟ್ ಬಿದ್ದರೆ ಯಾರು ಹೊಣೆ?"

"ಮಗು ಬಿತ್ತಲ್ಲ ಮೇಡಂ, ಅದಕ್ಕೆ ಯಾರು ಹೊಣೆ? ತಪ್ಪು ಅಂತ ಗೊತ್ತಿದ್ದೂ ಸುಮ್ಮನಿದ್ದೆ. ಇನ್ನು ಆಗಲ್ಲ."

ವಿಶಾಲಾಕ್ಷಿ ಒಲ್ಲದ ಮನಸ್ಸಿನಿಂದಲೇ ಒಪ್ಪಿದರು.

ಅಲ್ಲಿಂದ ಎಲ್ಲವೂ ಸುಲಭವಾಯಿತು ಎಂದಲ್ಲ. ಗಣಿತದವರು ಮಾತು ಬಿಟ್ಟರು. ಮಕ್ಕಳನ್ನು ಆಡಿಸಿ ಮೇಷ್ಟ್ರ ಮಂಡಿ ಊದಿಕೊಂಡಿತು, ಕೂಗಿ ಕೂಗಿ ಗಂಟಲು ಕಟ್ಟಿತು. ಸಂಜೆ ಮನೆಗೆ ಹೋದರೆ ಚಪ್ಪಲಿ ಬಿಡಲೂ ಆಗದಷ್ಟು ದಣಿವು. ಸಿಂಚನಳಂತೂ ಆಟಕ್ಕೇ ಬರಲಿಲ್ಲ. ಗೋಡೆಗೆ ಒರಗಿ ನಿಂತಿರುತ್ತಿದ್ದಳು. ಮೇಷ್ಟ್ರು ಒತ್ತಾಯ ಮಾಡಲಿಲ್ಲ. "ಊಟ ಆಯ್ತೇನಮ್ಮಾ?" ಎಂದಷ್ಟೇ ಕೇಳಿ ಮುಂದೆ ಹೋಗುತ್ತಿದ್ದರು. ಒಂದು ದಿನ ಖೊಖೊ ತಂಡಕ್ಕೆ ಒಬ್ಬರು ಕಡಿಮೆ ಬಿದ್ದರು. ಹುಡುಗಿಯರು ಕೈ ಹಿಡಿದು ಕರೆದಾಗ ಹಿಂದೆ ಮುಂದೆ ನೋಡುತ್ತಾ ಬಂದಳು.

ವರ್ಷದ ಕೊನೆಗೆ ಅವಳ ತೂಕ ಇಳಿದದ್ದು ಸ್ವಲ್ಪವೇ. ಆದರೆ ಒಂದು ಮಧ್ಯಾಹ್ನ ಖೊಖೊ ಆಟದಲ್ಲಿ ಮೇಷ್ಟ್ರು "ಸಿಂಚನ ಔಟ್!" ಎಂದಾಗ, ಅವಳು ಮೈದಾನದ ನಡುವೆ ಸೊಂಟಕ್ಕೆ ಕೈಯಿಟ್ಟು ನಿಂತುಬಿಟ್ಟಳು. ಏದುಸಿರು, ಮುಖವೆಲ್ಲ ಬೆವರು.

"ಇಲ್ಲ ಸಾರ್! ಅವಳು ಮುಟ್ಟೇ ಇಲ್ಲ! ನಾನು ಔಟಲ್ಲ!"

ಇಡೀ ತಂಡ ಅವಳ ಪರವಾಗಿ ಕೂಗಾಡಿತು.

"ಸರಿ ತಾಯಿ, ಆಡು" ಎಂದು ಮೇಷ್ಟ್ರು ದಣಿದ ಮುಖದಲ್ಲೇ ನಕ್ಕರು.

ನೀತಿ: ಮಕ್ಕಳ ಮೈ ಇಳಿಸಲು ಹೋಗಿ ಅವರ ತಲೆ ತಗ್ಗಿಸಬಾರದು. ವ್ಯಾಯಾಮ ಎಲ್ಲರಿಗೂ ಸೇರಿದ ಆಟವಾದಾಗಲೇ ಆರೋಗ್ಯ ಕೊಡುತ್ತದೆ. ದಣಿದೆವೆಂದು ದೊಡ್ಡವರು ಸುಮ್ಮನಾದರೆ, ಆ ಭಾರ ಹೊರುವವರು ಮಕ್ಕಳೇ.