ಹಿಂದಿನ ಸೀಟಿನ ಮಾವ

"ಬುದ್ಧಿ, ಧ್ಯಾನದಿಂದ ನನಗೆ ಇದುವರೆಗೆ ದಕ್ಕಿದ್ದು ಎಷ್ಟು?" ಎಂದು ಷಡಕ್ಷರಿ ಕೇಳಿದ.

ಅವನು ಮಠಕ್ಕೆ ಬಂದು ಒಂದೂವರೆ ವರ್ಷವಾಗಿತ್ತು. ಗುರುಗಳು ಜಗಲಿಯ ಮೇಲೆ ಕೂತು ನೆನೆಸಿದ ಅವರೆಕಾಳು ಹಿಸುಕುತ್ತಿದ್ದರು. ತಲೆ ಎತ್ತಲಿಲ್ಲ.

"ಯಾಕೆ, ಏನಾಯಿತು?" ಎಂದರು.

"ದಿನಾ ಬೆಳಿಗ್ಗೆ ಕೂರುತ್ತೇನೆ. ಮನಸ್ಸು ನಿಂತಿತೇ ಎಂದು ನೋಡುತ್ತೇನೆ. ನಿಂತಿರುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡುತ್ತೇನೆ. ಆಗಲೂ ನಿಂತಿರುವುದಿಲ್ಲ. ಗಂಟೆಗೆ ನಲವತ್ತು ಸಲ ನೋಡಿದರೂ ಅಷ್ಟೇ. ಏನೂ ದಕ್ಕದಿದ್ದರೆ ಊರಿಗೆ ಹೋಗಿ ಅಣ್ಣನ ಜೊತೆ ಹೋಟೆಲ್ ನೋಡಿಕೊಳ್ಳುತ್ತೇನೆ. ನೀವೇ ಒಂದು ಮಾತು ಹೇಳಿಬಿಡಿ."

"ಹೇಳುತ್ತೇನೆ. ಬರೀ ಕೂತು ಕೇಳಬೇಡ, ನೀನೂ ನಾಲ್ಕು ಕಾಳು ಹಿಸುಕು" ಎಂದು ಗುರುಗಳು ಪಾತ್ರೆಯನ್ನು ಅವನ ಕಡೆ ತಳ್ಳಿದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಹೆಸರು ಬೇಡ. ಹೆಸರು ಹೇಳಿದರೆ ಅವನ ಕಡೆಯವರು ಮಠಕ್ಕೇ ಬಂದು ಜಗಳ ತೆಗೆಯುತ್ತಾರೆ. ಅವನಿಗೆ ಒಬ್ಬಳೇ ಮಗಳು. ಅವನ ತಂಗಿಯ ಮಗ ಅದೇ ಊರಿನ ರೈಲ್ವೆ ಸ್ಟೇಷನ್ ಮುಂದೆ ಟ್ಯಾಕ್ಸಿ ಓಡಿಸುತ್ತಿದ್ದ. ಕಾರು ಸ್ವಂತದ್ದು. ಹುಡುಗನಿಗೆ ಮಾವನ ಮಗಳನ್ನು ಮದುವೆಯಾಗುವ ಆಸೆ. ಹುಡುಗಿಗೂ ಅವನೇ ಬೇಕು. ಅವಳ ತಾಯಿಯೂ ಹೂಂ ಅಂದಿದ್ದಳು. ಒಪ್ಪದೆ ಉಳಿದವನು ವ್ಯಾಪಾರಿ ಒಬ್ಬನೇ.

ಅವನಿಗೆ ಹುಡುಗನ ಮೇಲೆ ಸಿಟ್ಟೇನೂ ಇರಲಿಲ್ಲ. ಸಂಪಾದನೆ ಎಷ್ಟು ಅಂತ ತಿಳಿಯಬೇಕಿತ್ತು, ಅಷ್ಟೇ. ಅಷ್ಟರಲ್ಲಿ ಪಕ್ಕದ ಊರಿನ ಒಬ್ಬ ಗುಮಾಸ್ತನ ಸಂಬಂಧವೂ ಬಂದಿತ್ತು. ಗುಮಾಸ್ತನಿಗೆ ತಿಂಗಳ ಸಂಬಳ ಇಷ್ಟು ಅಂತ ಪೈಸೆ ಸಮೇತ ಅಚ್ಚಾದ ಚೀಟಿ ಬರುತ್ತಿತ್ತು. ಆ ಚೀಟಿಯನ್ನು ವ್ಯಾಪಾರಿ ಮೂರು ಸಲ ಓದಿದ್ದ. ಸೋಮವಾರ ಸಂಜೆ ಎಲೆ ಅಡಿಕೆ ಹಿಡಿದು ಬರುತ್ತೇವೆ ಅಂತ ಗುಮಾಸ್ತನ ಕಡೆಯವರು ಹೇಳಿಕಳಿಸಿದ್ದರು. ಅಷ್ಟರೊಳಗೆ ಟ್ಯಾಕ್ಸಿಯವನ ಸಂಪಾದನೆ ಗೊತ್ತಾಗದೆ ಹೋದರೆ ಹುಡುಗಿ ಗುಮಾಸ್ತನ ಮನೆಗೆ.

ವ್ಯಾಪಾರಿ ಮೊದಲು ಹುಡುಗನನ್ನೇ ಕೇಳಿದ. "ಏನಯ್ಯ, ದಿನಕ್ಕೆ ಎಷ್ಟಾಗುತ್ತೆ?"

"ಒಂದೊಂದು ದಿನ ಒಂದೊಂದು ಥರ ಮಾವ" ಅಂದ ಹುಡುಗ.

ಇದೂ ಒಂದು ಉತ್ತರವೇ? ವ್ಯಾಪಾರಿ ನೇರ ಸ್ಟ್ಯಾಂಡಿಗೆ ಹೋಗಿ ಬೇರೆ ಡ್ರೈವರುಗಳನ್ನು ಕೇಳಿದ. ಒಬ್ಬ, "ಮದುವೆ ಸೀಸನ್ನಿನಲ್ಲೋ, ಆಷಾಢದಲ್ಲೋ?" ಅಂದ. ಇನ್ನೊಬ್ಬ, "ಡೀಸೆಲ್ಲು, ಟೈರು ಎಲ್ಲಾ ಕಳೆದೋ, ಕಳೆಯದೆಯೋ?" ಅಂದ. ಮತ್ತೊಬ್ಬ, "ಹೋಗೋದಕ್ಕೇನೋ ಬಾಡಿಗೆ ಸಿಗುತ್ತೆ ಸ್ವಾಮಿ. ಖಾಲಿ ವಾಪಸ್ ಬರ್ತೀವಲ್ಲ, ಅದನ್ನ ಯಾರು ಕೊಡ್ತಾರೆ?" ಅಂತ ಇವನನ್ನೇ ಕೇಳಿದ. ದೊಡ್ಡ ಮೀಸೆಯವನೊಬ್ಬ ಬೀಡಿ ಆರಿಸಿ, "ಮೊದಲು ಕೇಳ್ತಿರೋರು ಯಾರು ಹೇಳಿ. ಹೆಣ್ಣು ಕೊಡೋರಿಗೆ ಒಂದು ಹೇಳ್ತೀವಿ, ಚಂದಾ ಕೇಳೋರಿಗೆ ಇನ್ನೊಂದು ಹೇಳ್ತೀವಿ" ಅಂದ.

ವ್ಯಾಪಾರಿಗೆ ತಲೆ ಕೆಟ್ಟಿತು. ಅವನು ಮಂಡಿಯಲ್ಲಿ ಬೆಳೆದವನು. ಗಾಡಿ ತುಂಬಾ ಬೆಲ್ಲ ಬಂದರೆ ಒಂದು ಅಚ್ಚಿನ ಮೂಲೆ ಮುರಿದು ನಾಲಿಗೆಗೆ ಇಟ್ಟು ಇಡೀ ಗಾಡಿಗೆ ಬೆಲೆ ಕಟ್ಟುತ್ತಿದ್ದ. ಒಂದು ಸಲವೂ ತಪ್ಪಿರಲಿಲ್ಲ. ಆದ್ದರಿಂದ ಅವನಿಗೆ ಒಂದು ಉಪಾಯ ಹೊಳೆಯಿತು. ಒಂದು ದಿನವನ್ನು ಸ್ಯಾಂಪಲ್ ನೋಡಿದರೆ ಸಾಕು, ಇವನ ವರ್ಷವನ್ನೇ ಹೇಳಬಹುದು ಅಂದುಕೊಂಡ. ಶುಕ್ರವಾರ ಬೆಳಿಗ್ಗೆ ಬುತ್ತಿ ಕಟ್ಟಿಸಿಕೊಂಡು, ಕೊಡೆ ಹಿಡಿದು, ಹುಡುಗನ ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ನಟ್ಟನಡುವೆ ಹೋಗಿ ಕೂತ.

"ನೀನು ನಿನ್ನ ಪಾಡಿಗೆ ಕೆಲಸ ಮಾಡಯ್ಯ. ನಾನು ಇದ್ದೀನಿ ಅಂತಾನೇ ಅಂದ್ಕೋಬೇಡ" ಅಂದ.

ಆ ಸ್ಟ್ಯಾಂಡಿನಲ್ಲಿ ಒಂದು ಕಟ್ಟುಪಾಡು ಇತ್ತು. ಕಾರುಗಳು ಸಾಲಾಗಿ ನಿಲ್ಲಬೇಕು. ಪಾಳಿ ಬಂದವನು ಯಾರು ಹತ್ತಿದರೂ, ಎಲ್ಲಿಗೆ ಅಂದರೂ ಕರೆದುಕೊಂಡು ಹೋಗಬೇಕು. ಒಲ್ಲೆ ಅಂದರೆ ಸಾಲಿನ ಕೊನೆಗೆ ಹೋಗಿ ನಿಲ್ಲಬೇಕು. ಏಳೂವರೆಯ ರೈಲು ಬಂತು. ಪಾಳಿ ಹುಡುಗನದು. ಜನ ಬಂದು ಬಾಗಿಲು ತೆಗೆದರು. ಒಳಗೆ ಕೊಡೆ ಹಿಡಿದ ದೊಡ್ಡ ಮನುಷ್ಯರು ಕೂತಿದ್ದಾರೆ. "ಓ, ಇದು ಆಗಲೇ ಬುಕ್ ಆಗಿದೆ" ಅಂತ ಬಾಗಿಲು ಹಾಕಿ ಹಿಂದಿನ ಕಾರಿಗೆ ಹೋದರು. ಹತ್ತು ಗಂಟೆಯ ರೈಲು ಬಂತು. ಹಾಗೇ ಆಯಿತು. ಮಧ್ಯಾಹ್ನ ಒಬ್ಬ ಅಜ್ಜಿ ಬಾಗಿಲು ತೆಗೆದು, ವ್ಯಾಪಾರಿಯನ್ನು ನೋಡಿ ಕೈಮುಗಿದು ಹೋದಳು. ಅವಳು ಅವನನ್ನು ಯಾರು ಅಂದುಕೊಂಡಳೋ.

ನಗಬೇಡ ಷಡಕ್ಷರಿ. ಆ ಹುಡುಗನ ಜಾಗದಲ್ಲಿ ನಿಂತು ನೋಡು. ಹೆಣ್ಣು ಕೇಳಿದವನು ಮಾವನಿಗೆ ಇಳಿಯಿರಿ ಅನ್ನುತ್ತಾನೆಯೇ? ಅವನು ಸಂಜೆಯವರೆಗೆ ಕಾರಿನ ಗಾಜನ್ನೇ ಒರೆಸಿದ. ಆ ಗಾಜು ಅಷ್ಟು ಚೆನ್ನಾಗಿ ಯಾವತ್ತೂ ಹೊಳೆದಿರಲಿಲ್ಲ.

ಸಂಜೆ ವ್ಯಾಪಾರಿ ಮನೆಗೆ ಬಂದು ಹೆಂಡತಿಯ ಮುಂದೆ ನಿಟ್ಟುಸಿರು ಬಿಟ್ಟ. "ಪಾಪ ಕಣೇ. ಬೆಳಿಗ್ಗೆಯಿಂದ ಸಂಜೆ ತನಕ ಒಂದು ರೂಪಾಯಿ ಹುಟ್ಟಲಿಲ್ಲ. ಕಣ್ಣಾರೆ ಕಂಡೆ."

"ರೀ, ನೀವು ಎಲ್ಲಿ ಕೂತಿದ್ರಿ?" ಅಂತ ಹೆಂಡತಿ ಕೇಳಿದಳು.

"ಹಿಂದಿನ ಸೀಟಿನಲ್ಲಿ."

"ಮತ್ತೆ ಬಂದವರು ನಿಮ್ಮ ತೊಡೆ ಮೇಲೆ ಕೂರಬೇಕಿತ್ತೇನು?"

ವ್ಯಾಪಾರಿ ತಲೆ ಕೆರೆದುಕೊಂಡ. ಅವಳು ಹೇಳಿದ್ದರಲ್ಲಿ ನ್ಯಾಯವಿತ್ತು. ಶನಿವಾರ ಮುಂದಿನ ಸೀಟಿನಲ್ಲಿ ಕೂತ.

ಆ ದಿನ ಜನ ಹತ್ತಿದರು. ಒಂದು ಸಂಸಾರ, ಎರಡು ಟ್ರಂಕು. ದೊಡ್ಡಾಸ್ಪತ್ರೆಯ ಆಚೆಯ ಬಡಾವಣೆಗೆ ಹೋಗಬೇಕು. ಹುಡುಗ ಮುನ್ನೂರು ಅಂದ. ಅವರು ಸುಮ್ಮನೆ ಹೂಂ ಅಂದರು. ಅಷ್ಟರಲ್ಲಿ ಮುಂದಿನ ಸೀಟಿನಿಂದ, "ಮುನ್ನೂರು ಜಾಸ್ತಿಯಾಯ್ತು. ಇನ್ನೂರಕ್ಕೆ ಮಾಡು" ಅಂತ ದನಿ ಬಂತು. ವ್ಯಾಪಾರಿ ಬೇಕಂತ ಹೇಳಿದ್ದಲ್ಲ. ಮೂವತ್ತು ವರ್ಷ ಮಂಡಿಯಲ್ಲಿ ಕೂತ ಬಾಯಿ, ಬೆಲೆ ಕೇಳಿದ ಕೂಡಲೇ ತಾನಾಗಿ ಇಳಿಸಿತು. ಹಿಂದೆ ಕೂತಿದ್ದ ಯಜಮಾನನಿಗೆ ಖುಷಿಯೋ ಖುಷಿ. "ನೋಡಪ್ಪ, ಹಿರಿಯರೇ ನ್ಯಾಯ ಹೇಳ್ತಾ ಇದ್ದಾರೆ" ಅಂದ. ಇನ್ನೂರಕ್ಕೇ ಹೋದರು.

ವ್ಯಾಪಾರಿ ಹಲ್ಲು ಕಚ್ಚಿಕೊಂಡ. ಮುಂದಿನ ಬಾಡಿಗೆಯಲ್ಲಿ ಈ ತಪ್ಪು ಸರಿಮಾಡಬೇಕು ಅಂದುಕೊಂಡ. ಮುಂದೆ ಹತ್ತಿದವನು ಒಬ್ಬ ಮೇಷ್ಟ್ರು. ಹುಡುಗ ನೂರೈವತ್ತು ಅಂದ. ವ್ಯಾಪಾರಿ ಹಿಂದಕ್ಕೆ ತಿರುಗಿ, "ನೂರೈವತ್ತಕ್ಕೆ ಅವನಿಗೆ ಏನು ಗಿಟ್ಟುತ್ತೆ? ಖಾಲಿ ವಾಪಸ್ ಬರಬೇಕಲ್ಲ ಸ್ವಾಮಿ! ಇನ್ನೂರು ಕೊಡಿ, ದೇವರು ಒಳ್ಳೇದು ಮಾಡ್ತಾನೆ" ಅಂದ. ಮೇಷ್ಟ್ರು, "ನೀವು ಯಾರ್ರೀ ನಡುವೆ?" ಅಂತ ಇಳಿದು ಆಟೋ ಹತ್ತಿದರು. ಆ ದಿನ ಡೀಸೆಲ್ ಕಳೆದು ಉಳಿದದ್ದು ನೂರಾ ಹತ್ತು ರೂಪಾಯಿ. ಇನ್ನು ಎರಡೇ ದಿನ ಉಳಿದಿತ್ತು.

ಭಾನುವಾರ ವ್ಯಾಪಾರಿ ಬಹಳ ಯೋಚಿಸಿದ. ಕಾರಿನೊಳಗೆ ಕೂತರೆ ತಾನೇ ತೊಂದರೆ? ಅವನು ಮೀಸೆಯವನ ಟ್ಯಾಕ್ಸಿಯನ್ನು ಇಡೀ ದಿನಕ್ಕೆ ಮಾತಾಡಿಕೊಂಡ. "ಆ ಹುಡುಗ ಎಲ್ಲಿಗೆ ಹೋದರೂ ಹಿಂದೆಯೇ ಬಿಡು" ಅಂದ.

ಈಗ ಕಾರಿನ ಹಿಂದೆ ಕಾರು. ಹುಡುಗನ ಕಾರಿನಲ್ಲಿ ಒಬ್ಬ ಗೃಹಸ್ಥ ಕೂತಿದ್ದ. ಮನೆಯಲ್ಲಿ ದೇವಸ್ಥಾನಕ್ಕೆ ಅಂತ ಹೇಳಿ ಇಸ್ಪೀಟಿಗೆ ಹೊರಟವನು. ಅವನು ಕನ್ನಡಿಯಲ್ಲಿ ನೋಡಿದ. ಹಿಂದಿನ ಕಾರು ಬಿಡದೆ ಬರುತ್ತಿದೆ. ಹುಡುಗ ಬಲಕ್ಕೆ ತಿರುಗಿದರೆ ಅದೂ ಬಲಕ್ಕೆ. "ಅಯ್ಯಯ್ಯೋ, ಅದರಲ್ಲಿರೋದು ನನ್ನ ಭಾವಮೈದುನಾನೇ ಇರಬೇಕು!" ಅಂತ ಕೂಗಿ, ಕಾರು ತಿರುವಿನಲ್ಲಿ ನಿಧಾನವಾದ ಕೂಡಲೇ ಬಾಗಿಲು ತೆಗೆದು ಕಬ್ಬಿನ ಗದ್ದೆಗೆ ಬಿದ್ದು ಓಡಿದ. ಬಾಡಿಗೆಯೂ ಅವನ ಜೊತೆ ಓಡಿತು. ಸಂಜೆಗೆ ಹುಡುಗನ ಕೈಯಲ್ಲಿ ನಾನೂರು ರೂಪಾಯಿ ಇತ್ತು. ಮೀಸೆಯವನು ದಿನದ ಬಾಡಿಗೆ, ಕಾದಿದ್ದಕ್ಕೆ ಕಾಸು, ಡ್ರೈವರ್ ಭತ್ಯೆ, ಊಟ ಎಲ್ಲಾ ಸೇರಿಸಿ ಎರಡು ಸಾವಿರದ ನಾನೂರು ತೆಗೆದುಕೊಂಡು ಸಲಾಂ ಹೊಡೆದು ಹೋದ.

ವ್ಯಾಪಾರಿ ಮನೆಗೆ ಓಡಿಬಂದ. "ಲೇ, ನೋಡಿದೆಯಾ! ಅದೇ ಊರು, ಅದೇ ರಸ್ತೆ, ಅದೇ ದಿನ. ನಮ್ಮ ಹುಡುಗನಿಗೆ ನಾನೂರು, ಆ ಮೀಸೆಯವನಿಗೆ ಎರಡು ಸಾವಿರದ ನಾನೂರು! ಅವನು ಕೆಲಸಗಾರ. ಅವನಿಗೆ ಮದುವೆ ಆಗಿದೆಯಾ ವಿಚಾರಿಸಬೇಕು."

ಹೆಂಡತಿ ಹಣೆ ಚಚ್ಚಿಕೊಂಡಳು. ಮಗಳು ಒಳಗಿನಿಂದ ಬಂದಳು.

"ಅಪ್ಪಾ, ಮೀಸೆಯವನಿಗೆ ಆ ದುಡ್ಡು ಕೊಟ್ಟಿದ್ದು ಯಾರು?"

"ನಾನೇ."

"ನಾಳೆಯೂ ಕೊಡ್ತೀರಾ?"

"ನಾನ್ಯಾಕೆ ಕೊಡಲಿ?" ಅಂದ ವ್ಯಾಪಾರಿ. ಅಂದಮೇಲೆ ಬಾಯಿ ಹಾಗೇ ತೆರೆದಿತ್ತು.

ಮಗಳಿಗೆ ನಗುವೂ ಬಂತು, ಅಳುವೂ ಬಂತು. "ಮೂರು ದಿನ ದುಡಿಮೆ ಹಾಳಾದ್ರೂ ನಿಮಗೆ ಇಳೀರಿ, ಹಿಂದೆ ಬರಬೇಡಿ ಅನ್ನಲಿಲ್ಲ ಅವನು. ನನಗೆ ಅವನೇ ಬೇಕಪ್ಪ. ನಾಳೆ ಒಂದು ದಿನ ನೀವು ಮಂಡಿಯಲ್ಲೇ ಕೂತಿರಿ, ನಿಮ್ಮ ದಮ್ಮಯ್ಯ" ಅಂದಳು.

ಸೋಮವಾರ ವ್ಯಾಪಾರಿ ಮಂಡಿಯಲ್ಲೇ ಕೂತ. ಕೂತನೇ ಹೊರತು ಜೀವ ಸ್ಟ್ಯಾಂಡಿನಲ್ಲಿತ್ತು. ಆ ದಿನ ಮೂವರು ಗಿರಾಕಿಗಳಿಗೆ ಬೆಲ್ಲದ ಬದಲು ಬರೀ ಚೀಲ ಕಟ್ಟಿಕೊಟ್ಟ.

ಸಂಜೆ ನಾಲ್ಕರ ರೈಲಿಗೆ ಗುಮಾಸ್ತನ ತಂದೆ, ಚಿಕ್ಕಪ್ಪ, ಜೊತೆಗೆ ಇಬ್ಬರು ಹೆಂಗಸರು ಬಂದಿಳಿದರು. ಕೈಯಲ್ಲಿ ಹಣ್ಣಿನ ತಟ್ಟೆ, ಹೂವು, ಎಲೆ ಅಡಿಕೆ. ಸ್ಟ್ಯಾಂಡಿನಲ್ಲಿ ಪಾಳಿ ಯಾರದು? ಇನ್ಯಾರದು, ನಮ್ಮ ಹುಡುಗನದೇ. "ಬೆಲ್ಲದ ಮಂಡಿಯವರ ಮನೆಗೆ ಬಿಡಪ್ಪ" ಅಂದರು. ಹುಡುಗ ತಟ್ಟೆ ನೋಡಿದ. ಬಂದವರು ಯಾರು ಅಂತ ಅರ್ಥವಾಯಿತು. ಒಲ್ಲೆ ಅಂದು ಸಾಲಿನ ಕೊನೆಗೆ ಹೋಗಬಹುದಿತ್ತು. ಊರೆಲ್ಲಾ ಸುತ್ತಿಸಿ ಒಳ್ಳೆ ಹೊತ್ತು ಮೀರುವ ಹಾಗೆ ಮಾಡಬಹುದಿತ್ತು. ಅವನು ಹಣ್ಣಿನ ತಟ್ಟೆ ಜರುಗದ ಹಾಗೆ ನಿಧಾನವಾಗಿ ಓಡಿಸಿಕೊಂಡು ಹೋಗಿ ಮಾವನ ಬಾಗಿಲಲ್ಲಿ ಇಳಿಸಿದ. ದಾರಿಯುದ್ದಕ್ಕೂ ಅವನ ಕಣ್ಣು ತುಂಬಿಯೇ ಇತ್ತು.

ವ್ಯಾಪಾರಿ ಆಗಲೇ ಮಂಡಿಯಿಂದ ಬಂದು ಬಾಗಿಲಲ್ಲಿ ನಿಂತಿದ್ದ. ಬಂದವರನ್ನು ಒಳಗೆ ಕೂರಿಸಿ ಮತ್ತೆ ಹೊರಗೆ ಬಂದ.

"ನೀನೇ ಕರ್ಕೊಂಡು ಬಂದ್ಯೇನೋ? ಇವರು ಯಾರು ಅಂತ ಗೊತ್ತಾಗಲಿಲ್ವಾ?"

"ಗೊತ್ತಾಯ್ತು ಮಾವ. ಪಾಳಿ ನನ್ನದಿತ್ತು."

ವ್ಯಾಪಾರಿ ಅವನ ಮುಖವನ್ನೇ ನೋಡಿದ. ಅಭ್ಯಾಸಬಲದಿಂದ, "ಇವತ್ತು ಎಷ್ಟಾಯ್ತು?" ಅಂತ ಕೇಳಿದ.

"ನೋಡೇ ಇಲ್ಲ ಮಾವ. ಬೆಳಿಗ್ಗೆಯಿಂದ ಒಬ್ಬರು ಇಳಿಯೋದರೊಳಗೆ ಇನ್ನೊಬ್ಬರು ಹತ್ತುತ್ತಾ ಇದ್ದಾರೆ. ಎಣಿಸೋಕೆ ಪುರುಸೊತ್ತೇ ಸಿಗಲಿಲ್ಲ" ಅಂದ ಹುಡುಗ. ಕಣ್ಣು ಒರೆಸಿಕೊಂಡು ಕಾರು ಹತ್ತಿದ.

"ನಿಲ್ಲೋ. ಅವರನ್ನ ವಾಪಸ್ ಸ್ಟೇಷನ್ನಿಗೆ ಬಿಡಬೇಕು" ಅಂದ ವ್ಯಾಪಾರಿ.

ಒಳಗೆ ಹೋಗಿ ಕೈಮುಗಿದ. "ತಪ್ಪು ತಿಳ್ಕೋಬೇಡಿ. ಮಗಳನ್ನ ನನ್ನ ತಂಗಿ ಮಗನಿಗೇ ಕೊಡ್ತಾ ಇದ್ದೀನಿ. ಈಗ ನಿಮ್ಮನ್ನ ಕರ್ಕೊಂಡು ಬಂದನಲ್ಲ, ಅವನೇ" ಅಂದ. ಗುಮಾಸ್ತನ ತಂದೆ ಬುಸುಗುಟ್ಟಿದರು. ಆದರೂ ಕೇಸರಿಬಾತು ಬಿಡಲಿಲ್ಲ. ಆ ಬೀದಿಯಲ್ಲಿ ಬೇರೆ ಗಾಡಿ ಸಿಗುವುದಿಲ್ಲ. ಸಿಟ್ಟು ಮಾಡಿಕೊಂಡೇ ಅದೇ ಕಾರು ಹತ್ತಿದರು. ಹುಡುಗ ಖಾಲಿ ವಾಪಸ್ ಹೋಗುವುದು ತಪ್ಪಿತು. ಕಾರ್ತೀಕದಲ್ಲಿ ಮದುವೆಯೂ ಆಯಿತು.

ಗುರುಗಳು ಕತೆ ನಿಲ್ಲಿಸಿ ಕೈ ತೊಳೆದುಕೊಂಡರು. ಷಡಕ್ಷರಿಯ ಮುಂದೆ ಹಿಸುಕಿದ ಬೇಳೆ ರಾಶಿಯಾಗಿತ್ತು. ಅವನು ಅದನ್ನು ನೋಡಿಯೇ ಇರಲಿಲ್ಲ. ಅವನ ಹಣೆಯ ಗಂಟು ಇನ್ನೂ ಬಿಚ್ಚಿರಲಿಲ್ಲ.

"ಎಲ್ಲಾ ಸರಿ ಬುದ್ಧಿ. ಆದರೂ ಅಂದಾಜಿಗೆ, ಆ ಹುಡುಗನಿಗೆ ತಿಂಗಳಿಗೆ ಎಷ್ಟು ಸಿಗುತ್ತಿತ್ತು?" ಎಂದು ಕೇಳಿದ.

ಗುರುಗಳು ಅವನ ಮುಂದಿದ್ದ ಬೇಳೆಯನ್ನು ತಮ್ಮ ಪಾತ್ರೆಗೆ ಸುರಿದುಕೊಂಡು ಎದ್ದರು.

"ಷಡಕ್ಷರೀ, ನಾಳೆ ಬೆಳಿಗ್ಗೆ ನೀನು ಧ್ಯಾನಕ್ಕೆ ಕೂತಾಗ ಹಿಂದಿನ ಸೀಟಿನಲ್ಲಿ ಬುತ್ತಿ ಹಿಡಿದು ಕೂತಿರುತ್ತಾನಲ್ಲ, ಆ ಮಾವನನ್ನು ಮೊದಲು ಇಳಿಸಪ್ಪ."