ಶೆಟ್ಟರು ತಂದ ವರಹ

ಕೇತಯ್ಯ ಹೊಳೆದಂಡೆಯ ಮಠ ಸೇರಿ ಏಳು ವರ್ಷವಾಗಿತ್ತು. ಅಷ್ಟು ದಿನದಲ್ಲಿ ಅವನ ಕಡೆಯಿಂದ ಒಂದು ತಪ್ಪೂ ನಡೆದಿರಲಿಲ್ಲ. ದೀಕ್ಷೆ ಮಾತ್ರ ಇನ್ನೂ ಆಗಿರಲಿಲ್ಲ.

ಅವನ ನಂತರ ಬಂದ ಸೋಮಲಿಂಗ ವಾರಕ್ಕೆರಡು ಸಲ ಗಂಜಿ ತಳ ಹಿಡಿಸುತ್ತಿದ್ದ. ಪೂಜೆಯ ನಡುವೆ ಮಂತ್ರ ಮರೆತು ತಲೆ ಕೆರೆದುಕೊಳ್ಳುತ್ತಿದ್ದ. ಆ ಪುಣ್ಯಾತ್ಮನಿಗೆ ಹೋದ ವರ್ಷವೇ ಕಾವಿ ಸಿಕ್ಕಿತು. ಅಂದಿನಿಂದ ಕೇತಯ್ಯನಿಗೆ ಒಳಗೊಳಗೇ ಹೊಟ್ಟೆಯುರಿ.

ಒಂದು ಮಧ್ಯಾಹ್ನ ತಡೆಯಲಾರದೆ ಗುರುಗಳಾದ ಅಜ್ಜಯ್ಯನವರ ಮುಂದೆ ಕೂತು ಕೇಳಿಯೇಬಿಟ್ಟ.

"ಬುದ್ಧಿ, ನನ್ನ ದೀಕ್ಷೆ ಯಾವಾಗ?"

ಅಜ್ಜಯ್ಯ ಬಾಯಿ ತೆರೆಯುವಷ್ಟರಲ್ಲಿ ಪೇಟೆಯ ಚನ್ನಪ್ಪಶೆಟ್ಟರು ಬಂದು ಅಡ್ಡಬಿದ್ದರು. ಎದ್ದವರೇ ಸೊಂಟದ ಚೀಲದಿಂದ ಒಂದು ಚಿನ್ನದ ನಾಣ್ಯ ತೆಗೆದರು.

"ಹಳೇ ವರಹ, ಬುದ್ಧಿ. ರಾಜರ ಕಾಲದ್ದು ಅಂತ ಒಬ್ಬ ಮಾರೋಕೆ ತಂದಿದ್ದಾನೆ. ಚಿನ್ನದ ಬೆಲೆಯ ಹತ್ತರಷ್ಟು ಕೇಳ್ತಾನೆ. ಒರೆಗೆ ಹಚ್ಚಿದೆ, ತೂಗಿದೆ, ಎರಡೂ ಸರಿ ಬಂತು. ಆದರೂ ಮನಸ್ಸು ಒಪ್ಪುತ್ತಿಲ್ಲ. ಕೇತಯ್ಯನವರು ಮೊದಲು ಚಿನಿವಾರರಾಗಿದ್ದವರಲ್ಲವಾ, ಒಂದು ಸಲ ನೋಡಲಿ."

ಮಠಕ್ಕೆ ಬರುವ ಮುಂಚೆ ನಾಣ್ಯ ಪರೀಕ್ಷಿಸುವುದೇ ಕೇತಯ್ಯನ ಕಸುಬಾಗಿತ್ತು. ಅವನು ವರಹವನ್ನು ಬೆಳಕಿಗೆ ಹಿಡಿದ. ಒಮ್ಮೆ ತಿರುಗಿಸಿದ. ಅಷ್ಟೇ.

"ಬಂಗಾರ ನಿಜ, ಶೆಟ್ಟರೇ. ನಾಣ್ಯ ಖೋಟಾ."

"ಅಯ್ಯೋ, ಅದು ಹೇಗೆ ಹೇಳ್ತೀರಿ? ದೇವರ ಮುಖ ಎಷ್ಟು ಚೆಂದ ಮೂಡಿದೆ! ಸುತ್ತಲಿನ ಚುಕ್ಕಿ ಒಂದೂ ತಪ್ಪಿಲ್ಲ."

"ಅದಕ್ಕೇ ಹೇಳಿದೆ. ಆ ಕಾಲದಲ್ಲಿ ಚಿನ್ನದ ಬಿಲ್ಲೆ ಮೇಲೆ ಅಚ್ಚಿಟ್ಟು ಸುತ್ತಿಗೆಯಲ್ಲಿ ಹೊಡೀತಿದ್ದರು. ದೇವರ ಕೈಯೋ ಕಾಲೋ ಅಂಚಿನಾಚೆ ಹೋಗಿರುತ್ತೆ. ಒಂದು ಕಡೆ ಚುಕ್ಕಿ ಇದ್ದರೆ ಇನ್ನೊಂದು ಕಡೆ ಇರೋದಿಲ್ಲ."

ಶೆಟ್ಟರು ದೊಡ್ಡ ನಿಟ್ಟುಸಿರು ಬಿಟ್ಟರು. "ಟೋಪಿ ಹಾಕಿಸಿಕೊಳ್ಳೋದು ತಪ್ಪಿತು," ಎಂದು ಕೈಮುಗಿದು, ಮಾರುವವನನ್ನು ವಿಚಾರಿಸಿಕೊಳ್ಳಲು ಬಿರಬಿರನೆ ಹೋದರು.

ಅಜ್ಜಯ್ಯ ಕೇಳಿದರು: "ನಿಜವಾದ ನಾಣ್ಯ ಮಾಡುವವನು ಅಷ್ಟು ಅಜಾಗರೂಕನಾ, ಕೇತಯ್ಯ?"

"ಅವನಿಗೆ ಭಯ ಇಲ್ಲ, ಬುದ್ಧಿ. ಚಿನ್ನ ರಾಜನದು, ಅಚ್ಚು ರಾಜನದು. ಇದು ನಿಜವೋ ಸುಳ್ಳೋ ಅಂತ ಯಾರು ಕೇಳ್ತಾರೆ? ಒಂದೇಟು ಹೊಡೆದು ಮುಂದಿನದನ್ನು ಎತ್ತಿಕೊಳ್ತಾನೆ."

"ಖೋಟಾ ಮಾಡುವವನು?"

"ಅವನು ನೋಡುವವರ ಕಣ್ಣಿಗಾಗಿಯೇ ಮಾಡೋದು. ಎಲ್ಲಿ ಸಿಕ್ಕಿಬೀಳ್ತೀನೋ ಅಂತ ತಿದ್ದಿದ್ದೇ ತಿದ್ದಿದ್ದು. ಪಾಪ, ಕೆಲಸಗಾರ ಮಾತ್ರ ಒಳ್ಳೆಯವನೇ."

ಅಜ್ಜಯ್ಯ ಅವನ ಕಡೆ ತಿರುಗಿ ಕೂತರು.

"ಈ ಏಳು ವರ್ಷದಲ್ಲಿ ಧ್ಯಾನಕ್ಕೆ ಕೂತಾಗ ಎಂದಾದರೂ ತೂಕಡಿಸಿದ್ದೀಯಾ?"

ಕೇತಯ್ಯನ ಎದೆ ಹಿಗ್ಗಿತು. ದೀಕ್ಷೆಗೆ ಮುಂಚೆ ಕೇಳುವ ಪ್ರಶ್ನೆಯೇ ಇದಿರಬೇಕು ಎಂದುಕೊಂಡ. ಬೆನ್ನು ನೆಟ್ಟಗೆ ಮಾಡಿದ.

"ಒಂದು ದಿನವೂ ಇಲ್ಲ, ಬುದ್ಧಿ. ಕಣ್ಣು ಎಳೆದರೆ ತೊಡೆ ಚಿವುಟಿಕೊಳ್ತೀನಿ. ಯಾರಾದರೂ ನೋಡಿಬಿಟ್ಟರೆ ಅಂತ..."

ಮಾತು ಅಲ್ಲಿಗೇ ನಿಂತಿತು. ಅವನ ಮುಖ ಬಿಳಿಚಿಕೊಂಡಿತು.

ಅಜ್ಜಯ್ಯ ಅವನ ಹೆಗಲ ಮೇಲೆ ಕೈಯಿಟ್ಟರು.

"ನಾನು ಇವತ್ತು ಬೆಳಿಗ್ಗೆಯೂ ತೂಕಡಿಸಿದೆ ಕಣಪ್ಪ."